ಡಂಜನ್ಸ್ ಅಂಡ್ ಡ್ರಾಗನ್ಸ್: 2014ರ ಪುಸ್ತಕ ಇರುವವರಿಗೆ 2024ರದ್ದು ಬೇಕಾ?

ನಿಮ್ಮ ಹತ್ತಿರ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ದಾಳ ಉರುಳಿಸಿ ಪಾತ್ರ ವಹಿಸಿ ಆಡುವ ಆಟದ 2014ರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇದೆ, 2024ರ ಹೊಸದರಲ್ಲಿ ಅಂಥದ್ದೇನು ಬದಲಾಗಿದೆ, ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. ನಮ್ಮ ಮನೆಯ ಭಾನುವಾರದ ಆಟಕ್ಕೆ ನಾನೇ ಡಿಎಂ, ಅಂದರೆ ಕತೆ ನಡೆಸಿ ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್. ನಡೆಯುತ್ತಿದ್ದ ಆಟವನ್ನು ಅರ್ಧದಲ್ಲೇ ಹೊಸ ನಿಯಮಕ್ಕೆ ತಿರುಗಿಸಿದೆವು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಒಂದೇ. ಕತ್ತಿ ಹಿಡಿದವರಿಗೂ ಈಗ ಯೋಚಿಸುವ ಕೆಲಸ ಇದೆ. ಮೊದಲು ಫೈಟರ್, ಅಂದರೆ ಯೋಧನ ಪಾತ್ರ ಆಡುವವರ ಪಾಡು ಗೊತ್ತಲ್ವಾ? ವಿಝಾರ್ಡ್ ಪುಟ ತಿರುವುತ್ತಾ ಮಂತ್ರ ಹುಡುಕುವಾಗ ಇವರು ಸುಮ್ನೆ ಮೊಬೈಲ್ ನೋಡುತ್ತಾ ಕೂತಿರುತ್ತಿದ್ದರು. ಸರದಿ ಬಂದರೆ 'ಹೊಡೀತೀನಿ' ಅಂತ ದಾಳ ಉರುಳಿಸುವುದು, ಗುರಿ ತಪ್ಪಿದರೆ ಮತ್ತೆ ಮೊಬೈಲ್. ಹೊಸದರಲ್ಲಿ ವೆಪನ್ ಮಾಸ್ಟರಿ ಅಂತ ಬಂದಿದೆ. ಒಟ್ಟು 8 ಪಟ್ಟುಗಳು, ಪ್ರತಿ ಆಯುಧಕ್ಕೂ ಅದರಲ್ಲೊಂದು. ಗ್ರೇಟ್‌ಸೋರ್ಡ್‌ಗೆ ಗ್ರೇಜ್. ಏಟು ತಪ್ಪಿದರೂ ಸ್ಟ್ರೆಂತ್ ಮಾಡಿಫೈಯರ್‌ನಷ್ಟು (ಪಾತ್ರದ ಬಲಕ್ಕೆ ಸಿಗುವ ಅಂಕ) ಡ್ಯಾಮೇಜ್ ಆಗುತ್ತದೆ. ದೊಡ್ಡ ಸುತ್ತಿಗೆ ಮಾಲ್‌ಗೆ ಟಾಪಲ್. ಏಟು ತಿಂದವನು ಕಾನ್‌ಸ್ಟಿಟ್ಯೂಷನ್ ಸೇವ್‌ನಲ್ಲಿ (ಮೈಗಟ್ಟಿತನದ ಮೇಲೆ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಸೋತರೆ ನೆಲಕ್ಕೆ ಬೀಳುತ್ತಾನೆ.

ಮೊದಲ ದಿನವೇ ನಮ್ಮ ಫೈಟರ್ ಓಗರ್ ಅನ್ನೋ ದೈತ್ಯನನ್ನು ಬೀಳಿಸಿ ಕುರ್ಚಿಯಿಂದ ಎದ್ದು ಕುಣಿದ. ಪಕ್ಕದಲ್ಲಿದ್ದ ರೋಗ್‌ಗೆ (ಕಳ್ಳನ ಪಾತ್ರ) ಅಡ್ವಾಂಟೇಜ್ ಸಿಕ್ಕಿತು, ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು, ಅವನಿಗೆ ಖುಷಿ. ದೂರ ನಿಂತಿದ್ದ ಬಿಲ್ಲುಗಾರನಿಗೆ ಮಾತ್ರ ಡಿಸ್‌ಅಡ್ವಾಂಟೇಜ್, ಬಿದ್ದವನ ಮೇಲೆ ಬಾಣ ಬಿಡುವುದು ಕಷ್ಟ. 'ನಾನು ಬಿಡೋ ತನಕ ಬೀಳಿಸಬೇಡ ಮಾರಾಯ' ಅಂತ ಜಗಳ. ಯಾರು ಮೊದಲು, ಯಾರು ಆಮೇಲೆ ಅಂತ ಈ ಗುಂಪು ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಆವತ್ತೇ.

ಆದರೆ ಇದು ಪುಕ್ಕಟೆ ಬರುವುದಿಲ್ಲ. 5ನೇ ಲೆವೆಲ್‌ನಲ್ಲಿ ಫೈಟರ್‌ಗೆ ಎರಡು ಏಟು, ಅಂದರೆ ಒಂದೇ ಸರದಿಯಲ್ಲಿ ನಾನು ಎರಡು ಸೇವ್ ಉರುಳಿಸಬೇಕಾಗಬಹುದು. ಆಟದೊಳಗಿನ ಕಾಳಗ ಉದ್ದವಾಗುತ್ತದೆ. ಅವನ ಡಿಸಿಯನ್ನು (ಸೇವ್ ಗೆಲ್ಲಲು ಮುಟ್ಟಬೇಕಾದ ಅಂಕ) ಚೀಟಿಯಲ್ಲಿ ಬರೆದು ನನ್ನ ಪರದೆಗೆ ಅಂಟಿಸಿಕೊಂಡ ಮೇಲೆ ಸ್ವಲ್ಪ ವಾಸಿ.

ಪ್ಯಾಲಡಿನ್, ಅಂದರೆ ದೈವಬಲದ ಯೋಧನ ಪಾತ್ರ ಆಡುವವರಿಗೆ ಸಿಟ್ಟು ಬರುತ್ತದೆ. ಏಟಿಗೆ ಹೆಚ್ಚುವರಿ ಡ್ಯಾಮೇಜ್ ಸೇರಿಸುವ ಡಿವೈನ್ ಸ್ಮೈಟ್ ಈಗ ಬೋನಸ್ ಆಕ್ಷನ್ (ಸರದಿಗೆ ಒಂದೇ ಸಿಗುವ ಚಿಕ್ಕ ಕೆಲಸ) ಬೇಡುವ ಮಂತ್ರ, ಹಾಗಾಗಿ ಸರದಿಗೆ ಒಂದೇ. ನಮ್ಮವನು ಎರಡು ವಾರ ಮುಖ ಊದಿಸಿಕೊಂಡಿದ್ದ. ನಾನು ಪುಸ್ತಕದ ಪರ. ಮೂರು ದಿನ ಕೂತು ಹೆಣೆದ ಖಳನನ್ನು ಹಳೆಯ ನಿಯಮದಲ್ಲಿ ಅವನು ಒಂದೇ ಸರದಿಯಲ್ಲಿ ಮುಗಿಸಿದ್ದನ್ನು ನಾನಿನ್ನೂ ಮರೆತಿಲ್ಲ.

ನನಗೆ ಹಿಡಿಸದ್ದು ಬ್ಯಾಕ್‌ಗ್ರೌಂಡ್, ಅಂದರೆ ಪಾತ್ರದ ಹಿಂದಿನ ಕಸುಬು. 'ರೇಸ್' ಹೋಗಿ 'ಸ್ಪೀಶೀಸ್' ಆಯಿತು, ಹುಟ್ಟಿನಿಂದ ಬರುತ್ತಿದ್ದ ಅಂಕ ಈಗ ಹಿಂದಿನ ಕಸುಬಿನಿಂದ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಇಂಟೆಲಿಜೆನ್ಸ್ ಜಾಸ್ತಿ ಬೇಕಾದ ವಿಝಾರ್ಡ್‌ಗೆ ಸೋಲ್ಜರ್ ಕಸುಬು ದಂಡ, ಅದು ಕೊಡುವುದು ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್. ಸೈನ್ಯ ಬಿಟ್ಟು ಓಡಿಬಂದ ಮಂತ್ರವಾದಿಯ ಕತೆ ಎಷ್ಟು ಚೆನ್ನಾಗಿರುತ್ತಿತ್ತು! ಇದನ್ನು ನಾವು ಕಡೆಗಣಿಸಿ, ಅಂಕವನ್ನು ಬೇಕಾದಲ್ಲಿ ಹಾಕಿಕೊಳ್ಳುತ್ತೇವೆ.

ಉಳಿದದ್ದು ಚಿಲ್ಲರೆ, ಆದರೆ ಒಳ್ಳೆಯ ಚಿಲ್ಲರೆ. ಔಷಧಿ ಕುಡಿಯಲು ಬೋನಸ್ ಆಕ್ಷನ್ ಸಾಕು. ಕ್ಯೂರ್ ವೂಂಡ್ಸ್‌ಗೆ ಒಂದರ ಬದಲು ಎರಡು ಎಂಟುಮುಖದ ದಾಳ. ಎಕ್ಸಾಸ್ಚನ್‌ನ (ದಣಿವು) ಹಳೆಯ ಪಟ್ಟಿ ಹೋಗಿ, ಹಂತಕ್ಕೆ 2ರಂತೆ ದಾಳದಿಂದ ಕಳೆದರೆ ಆಯಿತು, ವೇಗವೂ ಹಂತಕ್ಕೆ 5 ಅಡಿ ಕಡಿಮೆ.

ಈಗಲೇ ಕೊಳ್ಳಬೇಡಿ. 2025ರ ಏಪ್ರಿಲ್‌ನಲ್ಲಿ ಎಸ್‌ಆರ್‌ಡಿ 5.2 (ಹೊಸ ನಿಯಮಗಳ ಸಂಕ್ಷಿಪ್ತ ಕೈಪಿಡಿ) ಉಚಿತವಾಗಿ ಬಂದಿದೆ, ವೆಪನ್ ಮಾಸ್ಟರಿಯೂ ಅದರಲ್ಲಿದೆ. ಅದರಲ್ಲಿ ಪ್ರತಿ ಕ್ಲಾಸ್‌ಗೆ (ಫೈಟರ್, ವಿಝಾರ್ಡ್ ಇಂಥವು) ಒಂದೇ ಸಬ್‌ಕ್ಲಾಸ್, ಅಂದರೆ ಒಳಬಗೆ, ಇರುವುದರಿಂದ ಆರು ತಿಂಗಳಾದ ಮೇಲೆ ನಿಮ್ಮವರೇ ಪುಸ್ತಕ ಕೇಳುತ್ತಾರೆ. ಹಳೆಯ ಸಾಹಸವನ್ನೇ ಆಡಿಸುವುದಾದರೆ ಶತ್ರುಗಳ ಪ್ರತಿ ಗುಂಪಿಗೂ ಒಂದು ಗಾಬ್ಲಿನ್ ಜಾಸ್ತಿ ಹಾಕಿ. ಹೊಸ ಪಾತ್ರಗಳ ಮುಂದೆ ಹಳೆಯ ಶತ್ರುಗಳು ನಿಲ್ಲುವುದಿಲ್ಲ.