ಬರೀ ಓಟ ಸಾಕಾ? ಸ್ಕೀಯಿಂಗ್‌ಗೆ ತೊಡೆಯೂ ಗಟ್ಟಿ ಇರಬೇಕು

ಸ್ಕೀಯಿಂಗ್ (ಹಿಮದ ಇಳಿಜಾರಿನಲ್ಲಿ ಜಾರುವ ಆಟ) ಪ್ರವಾಸಕ್ಕೆ ಇನ್ನು ಎಂಟು ವಾರ ಇದೆ, ದಿನಾ ಅರ್ಧ ಗಂಟೆ ಓಡುತ್ತೇನೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ. ಓಟ ಬಿಡಬೇಡಿ, ದಮ್ಮಿಗೆ ಅದು ಬೇಕೇ ಬೇಕು. ಆದರೆ ಅದೊಂದೇ ಸಾಲದು.

ಸ್ಕೀ ಮಾಡುವಾಗ ಮಂಡಿ ಬಗ್ಗಿಸಿಕೊಂಡೇ ಇಳಿಯುತ್ತೀರಿ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರ ತಡೆಯಬೇಕು. ತುಂಬಾ ಮೆಟ್ಟಿಲು ಇಳಿದ ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದಲ್ವಾ? ಅದೇ ಕೆಲಸ ಇಲ್ಲೂ ನಡೆಯುತ್ತದೆ. ಹಾಗಾಗಿ ಇಳಿಯುವುದನ್ನೇ ಅಭ್ಯಾಸ ಮಾಡಿ. ಸ್ಕ್ವಾಟ್ (ಬಸ್ಕಿ) ಮಾಡುವಾಗ ನಿಧಾನವಾಗಿ ನಾಲ್ಕು ಎಣಿಸುತ್ತಾ ಕೆಳಗೆ ಹೋಗಿ, ಒಂದೇ ಎಣಿಕೆಗೆ ಏಳಿ. ಮಂಡಿ ಒಳಗೆ ವಾಲಬಾರದು, ಕಾಲ್ಬೆರಳಿನ ದಿಕ್ಕಿಗೇ ಇರಲಿ. ಇದನ್ನು ಕನ್ನಡಿ ಮುಂದೆ ನೋಡಿಕೊಳ್ಳಿ, ಸುಮ್ನೆ ಅಂದಾಜಲ್ಲಿ ಬಿಡಬೇಡಿ.

ಗೋಡೆಗೆ ಬೆನ್ನು ಆನಿಸಿ, ಕುರ್ಚಿ ಇಲ್ಲದೆ ಕೂತ ಹಾಗೆ ನಿಲ್ಲಿ. ಮೊದಲು 30 ಸೆಕೆಂಡ್ ಸಾಕು. ತೊಡೆ ನಡುಗುತ್ತದೆ, ಉರಿಯುತ್ತದೆ. ಇಳಿಜಾರಿನಲ್ಲಿ ಆಗುವ ಉರಿಯೂ ಹೆಚ್ಚುಕಡಿಮೆ ಇದೇ. ಜೊತೆಗೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ. ಅಭ್ಯಾಸವಾದ ಮೇಲೆ ಅಕ್ಕಪಕ್ಕಕ್ಕೆ ಜಿಗಿದು ಒಂದೇ ಕಾಲಿನ ಮೇಲೆ ಇಳಿಯಿರಿ. ಹೊಟ್ಟೆ, ಸೊಂಟಕ್ಕೆ ಪ್ಲ್ಯಾಂಕ್ ಸಾಕು, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಹಿಡಿದು ನಿಲ್ಲಿಸುವುದು.

ವಾರಕ್ಕೆ ಮೂರು ದಿನ ಮಾಡಿ, ನಡುವೆ ಒಂದೊಂದು ದಿನ ಬಿಡಿ. ಹೊರಡುವ ವಾರ ಜಾಸ್ತಿ ಶ್ರಮ ಬೇಡ. ಮಂಡಿಗೆ ಹಿಂದೆ ಪೆಟ್ಟಾಗಿದ್ದರೆ ದಯವಿಟ್ಟು ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಸ್ಕೀಯಿಂಗ್‌ಗೆ ಹೋದ ಮೇಲೂ ಕಾಲು ಸೋತಿತು ಅನಿಸಿದರೆ "ಇನ್ನೊಂದೇ ಸುತ್ತು" ಅನ್ನಬೇಡಿ, ಅವತ್ತಿಗೆ ನಿಲ್ಲಿಸಿಬಿಡಿ.