ಮಾನಿಟರಿನ ಮುಂದೆ ನಿಂತಿದ್ದ ತಾಯಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಚೊಚ್ಚಲ ಮಗು, ಸಿಸೇರಿಯನ್ ಹೆರಿಗೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತುಟಿ, ಉಗುರು ನೀಲಿಗಟ್ಟಿದವು. ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಮಹಾಪಧಮನಿ ಮತ್ತು ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಅದಲುಬದಲಾಗಿರುವುದು ತಿಳಿಯಿತು. ತಂದೆ ಮಗುವಿನೊಂದಿಗೆ ಹೃದಯ ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಹೋದರು. ಹೆರಿಗೆ ವಾರ್ಡಿನಲ್ಲೇ ಉಳಿದಿದ್ದ ತಾಯಿ ಅಲ್ಲಿಗೆ ಬಂದದ್ದು ನಾಲ್ಕನೇ ದಿನ. ಮರುದಿನವೇ ಐಸಿಯು ನರ್ಸ್ ಇಬ್ಬರನ್ನೂ ಆಪ್ತಸಲಹೆಗೆ ಕಳಿಸಿದರು: "ಅಮ್ಮ ಮಗೂನ ಮುಟ್ಟೋದೇ ಇಲ್ಲ, ಮಾನಿಟರ್ ನೋಡ್ತಾ ನಿಂತಿರ್ತಾರೆ. ಗಂಡ-ಹೆಂಡತಿ ಮಾತೂ ಆಡ್ತಿಲ್ಲ."

ಮಾತು ನಿಂತದ್ದಕ್ಕೆ ಕಾರಣ ಬೇಗ ಸಿಕ್ಕಿತು. ತಂದೆ ಫೋನಿನಲ್ಲಿ "ಸಣ್ಣ ತೊಂದರೆ, ಔಷಧಿ ಹಾಕಿದ್ದಾರೆ" ಎಂದಷ್ಟೇ ಹೇಳಿದ್ದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರವನ್ನು ಬಲೂನಿನಿಂದ ಅಗಲ ಮಾಡಿದ್ದು, ಆಪರೇಷನ್ ಗೊತ್ತುಪಡಿಸಿದ್ದು, ಎರಡೂ ತಾಯಿಗೆ ತಿಳಿದದ್ದು ಡಾಕ್ಟರ್ ರೌಂಡ್ಸಿಗೆ ಬಂದಾಗ. "ನನಗೇ ಗೊತ್ತಿಲ್ಲದೆ ನನ್ನ ಮಗೂಗೆ ಏನೇನೋ ಆಗಿದೆ," ಎಂದು ಅತ್ತರು. "ಹಸಿ ಹೊಲಿಗೆ, ಹೆದರಿ ಹಾಲು ನಿಂತುಹೋದರೆ ಅಂತ..." ಎಂದು ತಂದೆ ಸುಮ್ಮನಾದರು. ಮುಚ್ಚಿಟ್ಟದ್ದು ಪ್ರೀತಿಯಿಂದಲೇ. ಆದರೆ ಆಮೇಲೆ ಅವರು "ಇವತ್ತು ಪರವಾಗಿಲ್ಲ" ಎಂದರೂ ತಾಯಿಗೆ ನಂಬಿಕೆ ಬರುತ್ತಿರಲಿಲ್ಲ. ಮಾನಿಟರಿಗೆ ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ: ಅಂಕಿ ಸುಳ್ಳು ಹೇಳುವುದಿಲ್ಲ.

ಮಗುವನ್ನು ಮುಟ್ಟದಿರುವುದಕ್ಕೆ ಬೇರೆಯೇ ಕಾರಣವಿತ್ತು. ಏಳನೇ ತಿಂಗಳಲ್ಲಿ ಜ್ವರಕ್ಕೆ ಮಾತ್ರೆ ನುಂಗಿದ್ದರಂತೆ. "ಆಗಲೇ ಹೇಳಿದ್ದೆ" ಎಂದು ಅತ್ತೆ ಅಂದ ಒಂದು ಮಾತು ನಾಟಿತ್ತು. ಇಂಥಲ್ಲಿ "ನಿಮ್ಮ ತಪ್ಪಲ್ಲ" ಎಂದು ಎಷ್ಟು ಸಲ ಹೇಳಿದರೂ ಹಿಡಿಯುವುದಿಲ್ಲ, ಲೆಕ್ಕ ತೋರಿಸಬೇಕು. ಹೃದಯ ಮತ್ತು ದೊಡ್ಡ ರಕ್ತನಾಳಗಳ ವಿನ್ಯಾಸ ರೂಪುಗೊಳ್ಳುವುದು ಭ್ರೂಣದ ಮೊದಲ ಎಂಟು ವಾರಗಳಲ್ಲಿ. ಏಳನೇ ತಿಂಗಳ ಮಾತ್ರೆ ರಕ್ತನಾಳಗಳನ್ನು ಅದಲುಬದಲು ಮಾಡಲಾರದು. ಸುಮಾರು ನೂರು ಮಕ್ಕಳಲ್ಲಿ ಒಂದು ಯಾವುದಾದರೊಂದು ಹೃದಯದೋಷದೊಂದಿಗೆ ಹುಟ್ಟುತ್ತದೆ, ಹೆಚ್ಚಿನವರಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲಾಗುವುದಿಲ್ಲ. ಇದನ್ನು ಹೃದಯತಜ್ಞರ ಬಾಯಲ್ಲೇ, ಅತ್ತೆಯನ್ನೂ ಕೂರಿಸಿಕೊಂಡು ಹೇಳಿಸಲಾಯಿತು.

ಮಾನಿಟರಿನ ವಿಚಾರ. ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ಮಟ್ಟ) 78 ಕಂಡಾಗಲೆಲ್ಲ ತಾಯಿಗೆ ಎದೆ ಧಸಕ್ಕೆನ್ನುತ್ತಿತ್ತು. ಆರೋಗ್ಯವಂತ ಮಗುವಿಗೆ ಅದು ಅಪಾಯದ ಅಂಕಿ ನಿಜ. ಆದರೆ ಈ ದೋಷದಲ್ಲಿ ಆಪರೇಷನ್‌ಗೆ ಮುಂಚೆ 75ರಿಂದ 85 ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆ ಎರಡು ದೊಡ್ಡ ರಕ್ತನಾಳಗಳನ್ನು ಜೋಡಿಸುವ, ಹುಟ್ಟಿದ ಕೆಲವು ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳುವ ನಾಳವನ್ನು ತೆರೆದಿಡಲೆಂದೇ ಪ್ರೋಸ್ಟಗ್ಲಾಂಡಿನ್ ಹನಿಸುತ್ತಾರೆ. ಆ ಔಷಧಿಯಿಂದ ಜ್ವರ ಬರಬಹುದು, ಉಸಿರಾಟ ಕೆಲ ಕ್ಷಣ ನಿಲ್ಲಲೂಬಹುದು; ಅದಕ್ಕೇ ಅಷ್ಟು ನಿಗಾ. ನಿಮ್ಮ ಮಗುವಿಗೆ ಎಷ್ಟರ ಕೆಳಗಿಳಿದರೆ ಚಿಂತೆ ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ ಎಂದೆವು. ಅಲಾರಂ ಹೊಡೆದಾಗ ನರ್ಸ್ ಏನು ಮಾಡುತ್ತಾರೆ ಗಮನಿಸಿ, ಅವರು ಮೊದಲು ನೋಡುವುದು ಮಗುವಿನ ಮೈಬಣ್ಣ ಮತ್ತು ಎದೆಯ ಏರಿಳಿತ. ಆಮ್ಲಜನಕ ಅಳೆಯಲು ಪಾದಕ್ಕೆ ಸುತ್ತಿದ ಪ್ರೋಬ್ ಸಡಿಲವಾದರೂ ಅಲಾರಂ ಕೂಗುತ್ತದೆ.

ತಂದೆ-ತಾಯಿ ಐಸಿಯುವಿನಲ್ಲಿ ನೋಡಲು ಬಂದವರಂತೆ ನಿಲ್ಲಬಾರದು, ಅವರಿಗೊಂದು ಕೆಲಸ ಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ನರ್ಸ್ ಒಪ್ಪಿಗೆ ಪಡೆದು ಮೊದಲು ಮುಟ್ಟುವುದನ್ನು ಕಲಿಸಲಾಯಿತು. ಮೊಣಕೈವರೆಗೆ ತೊಳೆದು ಒರೆಸಿ, ಬೆಚ್ಚಗಾದ ಕೈ. ಒಂದು ಅಂಗೈ ಮಗುವಿನ ನೆತ್ತಿಯನ್ನು ಬಟ್ಟಲಿನಂತೆ ಆವರಿಸಬೇಕು. ಇನ್ನೊಂದು ಕೈಯಿಂದ ಎರಡೂ ಪಾದಗಳನ್ನು ಹೊಟ್ಟೆಯ ಕಡೆಗೆ ಮಡಚಿ ಹಿಡಿಯಬೇಕು, ಲೈನುಗಳನ್ನು (ಔಷಧಿ ಹನಿಸುವ ಕೊಳವೆಗಳನ್ನು) ಎಳೆಯದಂತೆ. ಸವರಬಾರದು, ತಟ್ಟಬಾರದು, ನವಜಾತ ಶಿಶುವಿಗೆ ಹಗುರವಾಗಿ ಸವರುವುದು ಕಿರಿಕಿರಿ, ಅಲುಗದೆ ಹಿಡಿದ ಕೈ ಹಿತ. ಬೆರಳುಗಳನ್ನು ಅಗಲಿಸಿದರೆ, ಬಿಕ್ಕಳಿಸಿದರೆ, ಮುಖ ತಿರುಗಿಸಿದರೆ ಅದಕ್ಕೆ ಸಾಕಾಗಿದೆ ಎಂದು ಅರ್ಥ. ಬಿಡುವಾಗ ಒಂದೊಂದೇ ಕೈ, ನಿಧಾನವಾಗಿ. ಮೊದಲ ದಿನ ತಾಯಿ ಹತ್ತು ನಿಮಿಷ ಹಿಡಿದರು, ಅಷ್ಟೂ ಹೊತ್ತು ಮಾನಿಟರಿನ ಕಡೆ ತಿರುಗಲಿಲ್ಲ.

ಎರಡನೆಯ ಕೆಲಸ ಹಾಲು. 24 ಗಂಟೆಯಲ್ಲಿ ಎಂಟು ಸಲ ಹಿಂಡಬೇಕು, ಒಂದು ಸಲವಾದರೂ ನಡುರಾತ್ರಿಯ ನಂತರ. ಆರಂಭದಲ್ಲಿ ನಾಲ್ಕೇ ಹನಿ ಬಂದರೂ ಬಿಡಬಾರದು. ದಿನ, ಹೊತ್ತು ಬರೆದು ಕೊಡಬೇಕು. ಬಾಯಲ್ಲಿ ಆಹಾರ ಕೊಡದ ದಿನಗಳಲ್ಲೂ ಡಾಕ್ಟರ್ ಒಪ್ಪಿದರೆ ಗಿಣ್ಣುಹಾಲಿನ ಹನಿಯನ್ನು ಹತ್ತಿಕಡ್ಡಿಯಿಂದ ಮಗುವಿನ ಕೆನ್ನೆಯ ಒಳಗೆ ಸವರಬಹುದು. ಹೊಲಿಗೆಯ ನೋವಿಗೆ ಕೊಟ್ಟ ಮಾತ್ರೆ ತಪ್ಪಿಸಿದರೆ ಹಾಲು ಇಳಿಯುವುದೂ ಕಷ್ಟ.

ಗಂಡ-ಹೆಂಡತಿಯ ವಿಚಾರದಲ್ಲಿ ನಮ್ಮ ಮೊದಲ ಸಲಹೆಯೇ ಕೆಟ್ಟಿತು. "ಏನನ್ನೂ ಮುಚ್ಚಿಡಬೇಡಿ" ಎಂದಷ್ಟೇ ಹೇಳಿದ್ದೆವು. ತಂದೆ ಅಂದು ರಾತ್ರಿ ಹನ್ನೊಂದಕ್ಕೆ ಆಪರೇಷನ್ನಿನ ಅಪಾಯಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ತಾಯಿ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಆಮೇಲೆ ತಿದ್ದಿಕೊಂಡೆವು: ಹೊಸ ಸುದ್ದಿಯನ್ನು ಇಬ್ಬರೂ ಒಟ್ಟಿಗೆ, ಡಾಕ್ಟರಿಂದಲೇ ಕೇಳುವುದು, ಒಬ್ಬರು ಇಲ್ಲದಿದ್ದರೆ ಫೋನ್ ಸ್ಪೀಕರಿನಲ್ಲಿ. ಕೇಳಿದ ಮೇಲೆ "ನಮಗೆ ಅರ್ಥವಾದದ್ದು ಇಷ್ಟು, ಸರೀನಾ?" ಎಂದು ತಿರುಗಿ ಹೇಳುವುದು. ರಾತ್ರಿ ಊಟದ ನಂತರ ಕಾಯಿಲೆಯ ಮಾತಿಲ್ಲ. ನೆಂಟರಿಗೆ ಸುದ್ದಿ ಮುಟ್ಟಿಸುವ ಹೊಣೆ ತಂದೆಯ ತಮ್ಮನಿಗೆ.

ಆಪರೇಷನ್ನಿನ ಹಿಂದಿನ ದಿನ, ಆಮೇಲೆ ಮಗು ಹೇಗೆ ಕಾಣುತ್ತದೆ ಎಂದು ನರ್ಸ್ ಚಿತ್ರ ತೋರಿಸಿ ವಿವರಿಸಿದರು: ಊದಿದ ಮುಖ, ವೆಂಟಿಲೇಟರ್ ಕೊಳವೆ, ಎದೆಯಿಂದ ದ್ರವ ಹೊರಹೋಗುವ ನಳಿಕೆಗಳು, ಕೆಲವೊಮ್ಮೆ ಊತ ಇಳಿಯುವವರೆಗೆ ಎದೆಯನ್ನು ಹೊಲಿಯದೆ ಪೊರೆ ಮುಚ್ಚಿಟ್ಟಿರುತ್ತಾರೆ. ಮೊದಲ ಸಲ ಒಳಗೆ ಹೋದಾಗ ಪಾದಗಳಿಂದ ನೋಡಲು ಶುರುಮಾಡಿ ಎಂದು ಹೇಳಿದೆವು. ಅಲ್ಲಿ ಕೊಳವೆಗಳು ಕಡಿಮೆ, ಗುರುತು ಹಿಡಿಯಲು ಸುಲಭ. ಈ ಮಗುವಿನ ಎದೆಯನ್ನೂ ತೆರೆದೇ ಇಟ್ಟು ಎರಡು ದಿನಗಳ ನಂತರ ಮುಚ್ಚಿದರು. ತಾಯಿ ಪಾದ ಹಿಡಿದೇ ಕೂತಿದ್ದರು.

ಎರಡು ವಾರ ಕಳೆದ ಮೇಲೆ ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ ಎಡಿನ್‌ಬರ್ಗ್ ಪ್ರಶ್ನಾವಳಿಯನ್ನು ಇಬ್ಬರಿಗೂ ಕೊಟ್ಟೆವು. ಹತ್ತು ಪ್ರಶ್ನೆ, ಕಳೆದ ಏಳು ದಿನಗಳ ಮನಸ್ಸಿನ ಸ್ಥಿತಿಯ ಬಗ್ಗೆ. ಹತ್ತನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತು. ಅದಕ್ಕೆ "ಎಂದೂ ಇಲ್ಲ" ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ ಅಂದೇ ಮಾತಾಡಬೇಕು. ತಾಯಿಯ ಅಂಕ ಕಡಿಮೆಯಿತ್ತು. ಹೆಚ್ಚು ಬಂದದ್ದು ತಂದೆಯದು, ಹತ್ತನೆಯದಕ್ಕೆ ಅವರು ಗುರುತು ಹಾಕಿದ್ದು "ಅಪರೂಪಕ್ಕೆ" ಎಂದು. ಅಂದೇ ಮನೋವೈದ್ಯರ ಬಳಿ ಕರೆದೊಯ್ಯಲಾಯಿತು, ಪತ್ನಿಯೂ ಜೊತೆಗಿದ್ದರು. ಮಗುವಿಗೆ ಅಂತಾದರೆ ಬರುವ ತಂದೆಯರು ತಮಗೆ ಅಂತಾದರೆ ತಪ್ಪಿಸುತ್ತಾರೆ. ಹಾಗಾಗಿ ಅವರ ಮುಂದಿನ ಭೇಟಿಯನ್ನು ಮಗುವಿನ ಎಕೋ ಇರುವ ದಿನವೇ, ಎಕೋಗೆ ಒಂದು ಗಂಟೆ ಮೊದಲು ಇಡಲಾಗಿದೆ.