ಜೈಸಲ್ಮೇರ್‌ನ ಒಣಹವೆಯಲ್ಲೂ ವಾಂತಿಭೇದಿ ವೈರಸ್ಸಾ?

ಹಾಸನದ ಮಳೆಯಲ್ಲಿ ಇಲ್ಲದ ವಾಂತಿಭೇದಿ ಜೈಸಲ್ಮೇರ್‌ಗೆ ಹೋದ ಅಕ್ಕನ ಮಗುವಿಗೆ ಎರಡು ಸಲ ಬಂತು, ಅಂಥ ಬಿಸಿಲಲ್ಲಿ ವೈರಸ್ ಬದುಕುತ್ತಾ ಅಂತ ಕೇಳಿದ್ದೀರಿ.

ಬದುಕುತ್ತೆ. ಬಿಸಿಲು ಹೊರಗೆ, ವೈರಸ್ ಇರೋದು ಮನೆಯೊಳಗೆ. ಮಕ್ಕಳಿಗೆ ವಾಂತಿಭೇದಿ ತರುವ ರೋಟಾವೈರಸ್ ಆಟದ ಸಾಮಾನು, ಬಾಗಿಲ ಚಿಲಕದ ಮೇಲೆ ದಿನಗಟ್ಟಲೆ ಉಳಿಯುತ್ತದೆ. ನಮ್ಮ ದೇಶದಲ್ಲಿ ಅದರ ಹಾವಳಿ ಚಳಿಗಾಲದಲ್ಲೇ ಜಾಸ್ತಿ. ಮೇಲಿಂದ ಅಲ್ಲಿ ನೀರಿನ ಬರ. ಜೈಸಲ್ಮೇರ್ ಇರುವ ಥಾರ್ ಮರುಭೂಮಿ ಕಡೆ ಮಳೆನೀರನ್ನು ನೆಲದಡಿಯ ‘ಟಾಂಕಾ’ಗಳಲ್ಲಿ ಕೂಡಿಡುತ್ತಾರೆ. ಕೊಡ ಲೆಕ್ಕದಲ್ಲಿ ನೀರು ಬಳಸುವಾಗ ಮೊದಲು ಕಡಿಮೆಯಾಗೋದು ಕೈ ತೊಳೆಯೋದೇ, ಅಲ್ವಾ?

ಸ್ಯಾನಿಟೈಸರ್ ನೆಚ್ಚಿಕೊಳ್ಳಬೇಡಿ, ವಾಂತಿಭೇದಿ ತರುವ ಇನ್ನೊಂದು ವೈರಸ್ ಆದ ನೊರೋವೈರಸ್‌ಗೆ ಅದು ಅಷ್ಟಾಗಿ ನಾಟೋದಿಲ್ಲ. ಸೋಪೇ ಸರಿ. ಕುಡಿಯೋ ನೀರು ಕುದಿಸಲಿ, ಲೋಟ ಅದ್ದದೆ ಬಗ್ಗಿಸಿಕೊಳ್ಳಲಿ.

ಓಆರ್‌ಎಸ್ ದೊಡ್ಡ ಪ್ಯಾಕೆಟ್ಟಿಗೆ ಪೂರ್ತಿ ಒಂದು ಲೀಟರ್ ನೀರು. ನಮ್ಮತ್ತೆ ಒಮ್ಮೆ ಇಡೀ ಪ್ಯಾಕೆಟ್ ಒಂದೇ ಲೋಟಕ್ಕೆ ಸುರಿದಿದ್ದರು, ಬಾಯಿಗಿಟ್ಟರೆ ಉಪ್ಪಿನಕಾಯಿ ರಸ! ಹಾಗೆ ಕುಡಿಸಿದರೆ ಅಪಾಯ. ಜೊತೆಗೆ ಡಾಕ್ಟರ್ ಹೇಳಿದಷ್ಟು ಜಿಂಕ್, 14 ದಿನ. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ. ಆ ಸೆಕೆಯಲ್ಲಿ ಮೈನೀರು ಬೇಗ ಇಳಿಯುತ್ತದೆ.

ತಾಯಿ ಕಾರ್ಡ್ ತೆಗೆದು ನೋಡಲು ಹೇಳಿ. 6, 10, 14 ವಾರಕ್ಕೆ ರೋಟಾವೈರಸ್ ಲಸಿಕೆ ಹನಿ ಹಾಕಿಸಿದ್ದಾರಾ? ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.